ಪರಂತು

ಕನ್ನಡದ ಮೇಷ್ಟರನ್ನೂ ಹೆದರಿಸುವ ಕನ್ನಡವೊಂದಿದೆ. ಅದು ಕಾನೂನಿನ ಕನ್ನಡ. ಅದರಲ್ಲಿ 'ಪರಂತು' ಎಂಬ ಒಂದು ಶಬ್ದವುಂಟು. ಹಿಂದಿನ ವಾಕ್ಯ ಕೈತುಂಬ ಕೊಟ್ಟಿತೆಂದು ನಾವು ಹಿಗ್ಗುವಷ್ಟರಲ್ಲಿ, ಅದರ ಬೆನ್ನಿಗೇ ಬಂದು ಅರ್ಧವನ್ನು ಹಿಂದಕ್ಕೆ ಕೇಳುವ ನೆಂಟನಂತೆ ಈ ಶಬ್ದ.

ಹೋದ ಬೇಸಗೆಯಲ್ಲಿ ನನ್ನ ದೊಡ್ಡಮ್ಮನ ಮಗಳು ಊರಿನಿಂದ ಬಂದಳು. "ಏನೋ, ಎಂ.ಎ. ಓದಿದ್ದೀಯಲ್ಲ, ಇದೇನು ಹೇಳು" ಎಂದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಆರನೆಯ ಪ್ರಕರಣವನ್ನು ನನ್ನ ಮುಂದಿಟ್ಟಳು. "ತೋಟ 1998ರಲ್ಲೇ ನಮ್ಮ ನಮ್ಮೊಳಗೆ ಪಾಲಾಗಿದೆ, ನಿನಗೇನೂ ಬರುವುದಿಲ್ಲ" ಎಂದು ಅವಳ ಅಣ್ಣಂದಿರು ಹೇಳಿದ್ದರಂತೆ. ನಾನು ಮೂರು ಸಲ ಓದಿದೆ. ಕರ್ತೃಪದ ಒಂದು ದಡದಲ್ಲಿ, ಕ್ರಿಯಾಪದ ಇನ್ನೊಂದು ದಡದಲ್ಲಿ, ನಡುಹೊಳೆಯಲ್ಲಿ ನಾನು. ಕೇಶಿರಾಜನೇ ಬಂದಿದ್ದರೂ ದೋಣಿ ಕೇಳುತ್ತಿದ್ದ.

ನನ್ನ ಅವಸ್ಥೆಯನ್ನು ನೋಡಿ ನನ್ನ ಮಗ ಮೊಬೈಲನ್ನು ತೆಗೆದ. ಅದರೊಳಗಿನ ಕೃತಕ ಬುದ್ಧಿಗೆ ಆ ಹಾಳೆಯನ್ನು ತೋರಿಸಿ, "ಸುಲಭವಾದ ಕನ್ನಡದಲ್ಲಿ, ನಾಲ್ಕೇ ಸಾಲಿನಲ್ಲಿ ಹೇಳು" ಎಂದ. ಕಣ್ಣು ಮಿಟುಕಿಸುವುದರಲ್ಲಿ ಉತ್ತರ ಬಂತು. 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು, ಅದೂ ಹುಟ್ಟಿನಿಂದಲೇ; ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ವಿಭಾಗಕ್ಕೆ ಇದು ತಗಲುವುದಿಲ್ಲ. ಎಂಥ ತಿಳಿಯಾದ ಕನ್ನಡ! ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅಕ್ಕ ಮಾತ್ರ, "ಹಾಗಾದರೆ ಅವರು ಹೇಳಿದ್ದೇ ಸರಿ" ಎಂದು ಹಾಳೆಯನ್ನು ಮಡಿಸತೊಡಗಿದಳು.

ಪಾಠವನ್ನು ಕೊನೆಮುಟ್ಟಿಸದೆ ಬಿಡದಿರುವುದು ನಮ್ಮ ವೃತ್ತಿಯ ಚಟ. ಹಾಳೆಯನ್ನು ಈಸಿಕೊಂಡು ಬಾಲವನ್ನು ಓದಿದೆ. ಅಲ್ಲಿ 'ವಿವರಣೆ' ಎಂಬ ತಲೆಬರಹದಡಿ ಒಂದು ಮಾತಿತ್ತು: ಇಲ್ಲಿ ವಿಭಾಗವೆಂದರೆ ಕ್ರಮವಾಗಿ ನೋಂದಣಿಯಾದ ಪತ್ರದಿಂದ ಆದದ್ದು, ಇಲ್ಲವೆ ನ್ಯಾಯಾಲಯದ ಡಿಕ್ರಿಯಿಂದ ಆದದ್ದು.

"ಅಕ್ಕ, ಪಾಲುಪಟ್ಟಿ ರಿಜಿಸ್ಟರಾಗಿದೆಯೆ?"

"ಎಲ್ಲಿಯ ರಿಜಿಸ್ಟರೋ! ಜಗಲಿಯ ಮೇಲೆ ಕೂತು ಬಾಯಲ್ಲಿ ಆಡಿಕೊಂಡದ್ದು."

ಯಂತ್ರ ಸುಳ್ಳು ಹೇಳಲಿಲ್ಲ. ನಾಲ್ಕು ಸಾಲು ಕೇಳಿದವರು ನಾವು. ಐದನೆಯ ಸಾಲಿನಲ್ಲಿ ಅಕ್ಕನ ಪಾಲಿತ್ತು.

ಹಾಗೆಂದು ಕಾನೂನು ಕಗ್ಗಂಟಾಗಿಯೇ ಇರಲಿ ಎನ್ನುವವನು ನಾನಲ್ಲ. 1961ರ ಆದಾಯ ತೆರಿಗೆಯ ಕಾನೂನು ತಿದ್ದುಪಡಿಗಳನ್ನು ಹೊತ್ತು ಹೊತ್ತು ಐದು ಲಕ್ಷ ಪದಗಳನ್ನು ಮೀರಿ ಬೆಳೆದಿತ್ತು. 2025ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾನೂನಿನಲ್ಲಿ ಅದು ಸುಮಾರು ಅರ್ಧಕ್ಕಿಳಿಯಿತು. ಪ್ರಕರಣಗಳು 819ರಿಂದ 536ಕ್ಕೆ ಬಂದವು. ಅಲ್ಲಿಯೂ ಪರಂತುಗಳನ್ನು ಕಿತ್ತರು, ಆದರೆ ಬೀದಿಗೆಸೆಯಲಿಲ್ಲ; ಬೇಕಾದುದನ್ನು ಉಪಪ್ರಕರಣಗಳಲ್ಲಿ, ಕೋಷ್ಟಕಗಳಲ್ಲಿ ಕೂರಿಸಿದರು. ಮನೆಯನ್ನು ಓರಣಮಾಡುವುದಕ್ಕೂ ಪೆಟ್ಟಿಗೆಯನ್ನು ಹೊರಗೆ ಬಿಸಾಡುವುದಕ್ಕೂ ಇರುವ ವ್ಯತ್ಯಾಸ ಇದೇ.

ಈ ಓರಣದ ಕೆಲಸಕ್ಕೆ ಯಂತ್ರದಂಥ ಆಳು ಸಿಕ್ಕುವುದಿಲ್ಲ. ಯಾವ ಪ್ರಕರಣ ಯಾವುದಕ್ಕೆ ಆತುಕೊಂಡಿದೆ, ಯಾವ ತಿದ್ದುಪಡಿ ಯಾವ ಮಾತನ್ನು ನುಂಗಿದೆ, ಎರಡು ಕಾನೂನುಗಳು ಎಲ್ಲಿ ಜಗಳವಾಡುತ್ತವೆ ಎಂದು ಬೇಸರವಿಲ್ಲದೆ ಹುಡುಕಬಲ್ಲದು. ತೀರ್ಪುಗಳನ್ನು ಕನ್ನಡವೂ ಸೇರಿದಂತೆ ದೇಶಭಾಷೆಗಳಿಗೆ ತಿರುಗಿಸಲು ಸುಪ್ರೀಂ ಕೋರ್ಟು 2019ರಲ್ಲಿಯೇ 'ಸುವಾಸ್' ಎಂಬ ಯಂತ್ರಾನುವಾದಕವನ್ನು ಗೊತ್ತುಮಾಡಿತು. ಒಳ್ಳೆಯದೇ. ಆದರೆ ಹಳೆಯ ಪಾಠವನ್ನೂ ಹೊಸದನ್ನೂ ಎದುರುಬದುರು ಇಟ್ಟುಕೊಂಡು, ಬಿಟ್ಟುಹೋದ ಒಂದೊಂದು ಮಾತಿಗೂ "ಇದು ಯಾರ ತಲೆಯ ಮೇಲಿನ ಸೂರಾಗಿತ್ತು?" ಎಂದು ಕೇಳುವ ಮನುಷ್ಯನೊಬ್ಬ ಬೇಕು. ಕೇಳಿ, ಕೆಳಗೆ ತನ್ನ ರುಜು ಹಾಕಬೇಕು. ತಪ್ಪಿದರೆ ಹೊಣೆ ಹೊರುವುದು ಯಂತ್ರಕ್ಕೆ ಬಾರದ ವಿದ್ಯೆ.

ಅಕ್ಕ ವಕೀಲರನ್ನು ಕಂಡಿದ್ದಾಳೆ. ಬಾಯಿಮಾತಿನ ವಿಭಾಗವನ್ನು ಸಾರ್ವಜನಿಕ ದಾಖಲೆಗಳ ಬಲವಿಲ್ಲದೆ ಒಪ್ಪಲಾಗದೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆಯೆಂದು ಅವರು ಧೈರ್ಯ ಕೊಟ್ಟರಂತೆ. ತೋಟ ಬರುವುದೋ, ಅಣ್ಣಂದಿರ ಮಾತು ನಿಲ್ಲುವುದೋ, ನೋಡಬೇಕು.

ನಾನಂತೂ ಕಾನೂನಿನ ಪರಂತುವನ್ನೂ ವಿವರಣೆಯನ್ನೂ ಬೈಯುವುದನ್ನು ಬಿಟ್ಟಿದ್ದೇನೆ. ಪರಂತು, ಅವು ಅಕ್ಕನಿಗೆ ತಿಳಿಯುವ ಕನ್ನಡದಲ್ಲಿರತಕ್ಕದ್ದು.