ಅಪ್ಪನ ಕಿವಿಗೆ ಎಷ್ಟು ವ್ಯಾಟ್?

ಹೋದ ದೀಪಾವಳಿಗೆ ಊರಿಗೆ ಹೊರಟಾಗ ನನ್ನ ಲಗೇಜಿನಲ್ಲಿ ಬಟ್ಟೆಗಿಂತ ಸ್ಪೀಕರ್ ಜಾಸ್ತಿ ಇತ್ತು. ಎರಡು ವರ್ಷದ ಬೋನಸ್ ಸುರಿದು ಕೊಂಡ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್, 25 ವ್ಯಾಟಿನ ಪವರ್ ಆಂಪ್, ವಾಲ್ಯೂಮ್ ಬಿಟ್ಟರೆ ಬೇರೆ ಗುಂಡಿಯೇ ಇಲ್ಲದ ಪ್ರೀಆಂಪ್. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕಾದು, ವಾಡಿಯಲ್ಲಿ ಇಳಿಸಿಕೊಂಡು, ಶಹಾಬಾದಿನ ಮನೆಗೆ ಮುಟ್ಟಿಸಿದೆ. ಅಪ್ಪನಿಗೆ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಕೇಳಿಸಬೇಕಿತ್ತು. ನಾನು ಸಣ್ಣವನಿದ್ದಾಗ ರಾತ್ರಿ ಊಟ ಆದಮೇಲೆ ಟೇಪಿನಲ್ಲಿ ಅಪ್ಪ ಹಾಕುತ್ತಿದ್ದದ್ದು ಅದನ್ನೇ. ಈಚೆಗೆ ಯಾಕೋ ಬಿಟ್ಟುಬಿಟ್ಟಿದ್ದ.

ಹಾಲಿನ ಆ ತುದಿಗೆ ಸ್ಪೀಕರ್ ಇಟ್ಟೆ, ಈ ತುದಿಯ ಮಂಚದ ಮೇಲೆ ಅಪ್ಪ ಕೂತ.

“ಜರಾ ಜೋರ್ ಮಾಡೋ ತಮ್ಮಾ.”

ಮಾಡಿದೆ.

“ಆವಾಜ್ ಬರ್ಲಾಕತ್ತದ, ಮಾತು ತಿಳೀವಲ್ದು. ಇನ್ನಾ ಜೋರ್ ಮಾಡು.”

ಗುಂಡಿ ತಿರುಗಿಸುತ್ತಾ ಹೋದೆ. ದನಿ ಗರಗರ ಅಂತು. ಆಮೇಲೆ ಎಡಗಡೆಯ ಟ್ವೀಟರ್ ಸುಮ್ಮನಾಯಿತು. ಸುಟ್ಟಿತ್ತು.

ದೊಡ್ಡ ಆಂಪ್ ಹಾಕಿದರೆ ಸ್ಪೀಕರ್ ಸುಡುತ್ತೆ ಅಂತ ಬಹಳ ಜನ ಹೆದರ್ತಾರೆ. ನನ್ನದು ಸುಟ್ಟಿದ್ದು ಸಣ್ಣ ಆಂಪಿನಿಂದ. ಆಂಪಿಗೆ ಶಕ್ತಿ ಮುಗಿದಾಗ ಅದು ಅಲೆಯ ತಲೆ ಕತ್ತರಿಸಿ ಕಳಿಸುತ್ತೆ. ಕ್ಲಿಪ್ಪಿಂಗ್ ಅನ್ನೋದು ಇದಕ್ಕೇ. ಹಾಗೆ ಕತ್ತರಿಸಿದ ಅಲೆಯಲ್ಲಿ ಮೂಲ ಹಾಡಿನಲ್ಲಿ ಇರದ ತಾರ ಕಂಪನಗಳು ಹುಟ್ಟುತ್ತವೆ. ಅವೆಲ್ಲ ಹೋಗಿ ಬೀಳೋದು ಟ್ವೀಟರಿನ ಕೂದಲೆಳೆಯಂಥ ತಂತಿಯ ಮೇಲೆ.

ಕೊಳ್ಳುವಾಗ ನಾನು ನೋಡಿದ್ದು ವ್ಯಾಟ್ ಮಾತ್ರ. ನೋಡಬೇಕಾದದ್ದು ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತೆ ಅನ್ನೋ ಲೆಕ್ಕ. ನನ್ನದು 83. ಪ್ರತಿ 3 ಡೆಸಿಬಲ್‌ಗೆ ಶಕ್ತಿ ಎರಡು ಪಟ್ಟು ಬೇಕು. 89 ಡೆಸಿಬಲ್ಲಿನ ಸ್ಪೀಕರಿಗೆ 25 ವ್ಯಾಟ್ ಮಾಡುವ ಕೆಲಸಕ್ಕೆ ನನ್ನದಕ್ಕೆ 100 ವ್ಯಾಟ್ ಬೇಕಿತ್ತು. ಸಾಲದ್ದಕ್ಕೆ ಡಬ್ಬಿಯ ಮೇಲೆ 8 ಓಮ್ ಅಂತಿದ್ದರೂ ಕೆಲವು ಸ್ವರಗಳಲ್ಲಿ ಅದು 4ಕ್ಕಿಂತ ಕೆಳಗಿಳಿಯುವ ಜಾತಿ. ಅಲ್ಲಿ ಆಂಪು ಜಾಸ್ತಿ ಕರೆಂಟ್ ಕೊಡಬೇಕು. ಅದಕ್ಕೂ ನನ್ನದು ತಾಕತ್ತಿಲ್ಲದ್ದು.

ಪ್ರೀಆಂಪ್ ವಿಷಯದಲ್ಲಿ ಮಾತ್ರ ಪಾಠ ಸರಿಯಾಗಿ ಓದಿದ್ದೆ. ಅದರ ಔಟ್‌ಪುಟ್ ಇಂಪಿಡೆನ್ಸಿಗಿಂತ ಪವರ್ ಆಂಪಿನ ಇನ್‌ಪುಟ್ ಇಂಪಿಡೆನ್ಸ್ ಕನಿಷ್ಠ ಹತ್ತು ಪಟ್ಟು ಇರಬೇಕು, ಇತ್ತು. ಬಾಸ್, ಟ್ರೆಬಲ್ ಗುಂಡಿಗಳು ಇರದಿದ್ದದ್ದು ನನಗೆ ಹೆಮ್ಮೆಯ ವಿಷಯ. ನಾದವನ್ನು ತಿದ್ದಬಾರದು, ಇದ್ದದ್ದು ಇದ್ದಹಾಗೇ ಬರಬೇಕು ಅನ್ನೋದು ನಮ್ಮಂಥ ಹುಚ್ಚರ ಮಡಿ.

ಆ ಮಡಿ ಬಿಟ್ಟಿದ್ದು ಕಲಬುರಗಿಯ ಕಿವಿ ಡಾಕ್ಟರ ಹತ್ತಿರ ಹೋದಮೇಲೆ. ಅಪ್ಪನ ಪರೀಕ್ಷೆಯ ಕಾಗದದಲ್ಲಿ ಗೆರೆ ಸ್ವಲ್ಪ ದೂರ ನೆಟ್ಟಗೆ ಬಂದು, 4000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಬಿದ್ದಿತ್ತು. ಬಹಳ ವರ್ಷ ಸದ್ದಿನಲ್ಲಿ ಕೆಲಸ ಮಾಡಿದವರ ಕಿವಿ ಮೊದಲು ಸೋಲೋದು ಅಲ್ಲೇ. ಸ, ಷ, ತ ಥರದ ವ್ಯಂಜನಗಳ ಅಂಚು ಇರೋದೂ ಆ ಕಡೆಯೇ. ಅದಕ್ಕೇ ಅಪ್ಪನಿಗೆ ಆವಾಜ್ ಬರ್ತದ, ಮಾತು ತಿಳಿಯಲ್ಲ. ಮೂವತ್ತು ವರ್ಷ ಅಪ್ಪ ನಿಂತದ್ದು ಫರಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಮಷಿನಿನ ಮುಂದೆ, ಕಿವಿಗೆ ಏನೂ ಇಲ್ಲದೆ. ನನ್ನ ಇಂಜಿನಿಯರಿಂಗ್ ಫೀಸು ಬಂದದ್ದು ಅದರಿಂದ. ಆ ಸ್ಪೀಕರೂ ಅದರಿಂದಲೇ ಬಂದದ್ದು ಅನ್ನಿ.

ಸಂಕ್ರಾಂತಿಗೆ ಮತ್ತೆ ಹೋದೆ. ಟ್ವೀಟರ್ ಬದಲಾಗಿತ್ತು. ಆಂಪು, ಪ್ರೀಆಂಪು ಎರಡನ್ನೂ ಮಾರಿ, ಬಾಸ್-ಟ್ರೆಬಲ್ ಗುಂಡಿಗಳಿರುವ, 4 ಓಮಿಗೆ ಅಂಜದ 80 ವ್ಯಾಟಿನ ಹಳೇ ಇಂಟಿಗ್ರೇಟೆಡ್ ಆಂಪ್ ತಂದಿದ್ದೆ. ಆದರೆ ದೊಡ್ಡ ಲಾಭ ಆದದ್ದು ಪುಕ್ಕಟೆ ಕೆಲಸಗಳಿಂದ. ನಮ್ಮ ಮನೆಯ ನೆಲ ಫರಸಿ, ಗೋಡೆಯೂ ಕಲ್ಲು. ಚಪ್ಪಾಳೆ ತಟ್ಟಿದರೆ ಅದು ಬೇಗ ಸಾಯಲ್ಲ. ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತೆ. ಅವ್ವ ಜಮಖಾನೆ ಹಾಸಿ, ಎದುರು ಗೋಡೆಗೆ ತಾನು ಹೊಲಿದ ದಪ್ಪ ಕೌದಿ ತೂಗುಹಾಕಿದಳು. ಮೂರು ಮೀಟರ್ ದೂರ ಇದ್ದ ಸ್ಪೀಕರುಗಳನ್ನು ಮಂಚದಿಂದ ಒಂದೂವರೆ ಮೀಟರಿಗೆ ತಂದೆ. ಬಯಲಲ್ಲಾದರೆ ದೂರ ಅರ್ಧ ಆದಾಗ 6 ಡೆಸಿಬಲ್ ಲಾಭ, ಅಂದರೆ ನಾಲ್ಕು ಪಟ್ಟು ವ್ಯಾಟ್. ಕೋಣೆಯಲ್ಲಿ ಅಷ್ಟಿಲ್ಲದಿದ್ದರೂ ಗೊತ್ತಾಗುವಷ್ಟು ಇರುತ್ತೆ.

ಟ್ರೆಬಲ್ ಗುಂಡಿಯನ್ನು ನಿಧಾನಕ್ಕೆ ಏರಿಸಿದೆ. ನನ್ನ ಕಿವಿಗೆ ತಂಬೂರಿ ಚುಚ್ಚುವ ಹಾಗಿತ್ತು. ಅಪ್ಪ ಕಣ್ಣು ಮುಚ್ಚಿದ. ತುಟಿ ಅಲ್ಲಾಡತೊಡಗಿತು, ಮನ್ಸೂರರ ಜೊತೆ, ಒಂದೊಂದೇ ಶಬ್ದ.

ಕಿವಿ ಮಷಿನ್ ಹಾಕ್ಕೋ ಅಂದರೆ “ನೋಡೋಣ ತಗೋ” ಅಂತ ಇನ್ನೂ ಮುಂದೂಡುತ್ತಿದ್ದಾನೆ; ಆ ಜಗಳ ಮುಗಿದಿಲ್ಲ. ಅವತ್ತು ಮಾತ್ರ ಹಾಡು ಮುಗಿಯೋ ಮೊದಲೇ ಕೈ ಎತ್ತಿದ.

“ಏನಪ್ಪಾ, ತಿಳೀವಲ್ದೇನು?”

“ತಿಳೀತದಲ್ಲೋ. ಅಷ್ಟು ಜೋರ್ ಯಾಕ? ಸಣ್ಣ ಮಾಡು.”