ಹಳೆಯ ವಾಹನ ಮತ್ತು ಮಾರುವವನ ಅಮಾನತ್

ಅಲ್ಲಾಹನು ಮನುಷ್ಯನಿಗೆ ಕರುಣಿಸಿದ ಅನುಗ್ರಹಗಳಲ್ಲಿ ವಾಹನವೂ ಒಂದು. ಸವಾರಿಯ ಮೇಲೆ ಕುಳಿತಾಗ, ಅದನ್ನು ನಮ್ಮ ಅಧೀನಕ್ಕೆ ಒಪ್ಪಿಸಿದವನನ್ನು ಸ್ಮರಿಸಬೇಕೆಂದೂ, ಕೊನೆಗೆ ನಾವು ಅವನೆಡೆಗೇ ಮರಳಲಿರುವವರೆಂಬುದನ್ನು ನೆನೆಯಬೇಕೆಂದೂ ಪವಿತ್ರ ಕುರ್‌ಆನ್‌ನ ಅಝ್ಝುಖ್‌ರುಫ್ ಅಧ್ಯಾಯವು ಕಲಿಸುತ್ತದೆ. ವಾಹನವನ್ನು ಏರುವಾಗ ಈ ಪ್ರಾರ್ಥನೆಯನ್ನು ಪಠಿಸುವ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಆದರೆ ಅದೇ ವಾಹನವನ್ನು ಮಾರಿ ಅದರಿಂದ ಇಳಿಯುವಾಗ ಆ ಸ್ಮರಣೆ ನಮ್ಮೊಂದಿಗೆ ಎಷ್ಟು ದೂರ ಬರುತ್ತದೆ? ಕಳೆದ ವರ್ಷ ನಮ್ಮ ಕುಟುಂಬವು ಈ ಪ್ರಶ್ನೆಯನ್ನು ಎದುರಿಸಬೇಕಾಯಿತು.

ನಾವಿರುವುದು ತುಮಕೂರು ಸಮೀಪದ ವಸಂತನರಸಾಪುರದಲ್ಲಿ. 2014ರ ಸೆಪ್ಟೆಂಬರ್ 24ರಂದು ಇಲ್ಲಿ ಫುಡ್ ಪಾರ್ಕ್ ಉದ್ಘಾಟನೆಗೊಂಡಿತು. ಇಂದು ಕೈಗಾರಿಕಾ ಪ್ರದೇಶದ ರಸ್ತೆಗಳಲ್ಲಿ ಲಾರಿಗಳದೇ ಸಾಮ್ರಾಜ್ಯ. ಇಲ್ಲಿನ ಒಂದು ಕಾರ್ಖಾನೆಯಲ್ಲಿ ನಾನು ನೌಕರ. 2016ರಲ್ಲಿ ಬೆಂಗಳೂರಿನ ಒಬ್ಬರಿಂದ ಹಳೆಯ ಡೀಸೆಲ್ ಕ್ಯಾಂಪರ್ ವ್ಯಾನೊಂದನ್ನು ಕೊಂಡಿದ್ದೆ. ಒಳಗೆ ಎರಡು ಮಂಚ, ಗ್ಯಾಸ್ ಒಲೆ, ಪುಟ್ಟ ಸಿಂಕು, ನೀರಿನ ಟ್ಯಾಂಕು. ವ್ಯಾನನ್ನು ಹೀಗೆ ಮಾರ್ಪಡಿಸಿದ ವಿವರ ಆರ್‌ಸಿಯಲ್ಲಿಯೂ ದಾಖಲಾಗಿತ್ತು. ರಜೆ ಸಿಕ್ಕಾಗ ಅಮ್ಮಿ, ಪತ್ನಿ, ಮೂವರು ಮಕ್ಕಳೊಂದಿಗೆ ಹೊರಡುತ್ತಿದ್ದೆವು. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನರ ಮದ್ರಸವನ್ನು ಮಕ್ಕಳು ಕಂಡದ್ದು ಈ ವ್ಯಾನಿನಿಂದ ಇಳಿದು. ಶಿರಾದ ಜುಮಾ ಮಸೀದಿಯಲ್ಲಿ ನಮಾಝ್ ಮುಗಿಸಿ ಬಂದು ಅಮ್ಮಿ ಮಾಡಿದ ಚಹಾ ಕುಡಿದದ್ದೂ ಇದರ ನೆರಳಿನಲ್ಲಿ. ಟ್ಯಾಂಕಿನಲ್ಲಿ ನೀರಿದ್ದ ಕಾರಣ ದಾರಿಯಲ್ಲಿ ವುಝೂಗೆ ಪರದಾಡಿದ್ದೇ ಇಲ್ಲ.

ಆದರೆ ವರ್ಷಗಳು ಉರುಳಿದವು. ಖಾಸಗಿ ವಾಹನದ ನೋಂದಣಿಗೆ 15 ವರ್ಷಗಳ ಅವಧಿ. ಬಳಿಕ ತಪಾಸಣೆಗೊಳಪಡಿಸಿ ಐದೈದು ವರ್ಷಗಳಿಗೆ ನವೀಕರಿಸಬೇಕು. 2008ರ ನಮ್ಮ ವ್ಯಾನಿಗೆ 2023ರಲ್ಲಿ ಆ ನವೀಕರಣವೂ ಆಯಿತು. ವ್ಯಾನಿಗೂ ಮನೆಯ ಕಾರಿಗೂ ಸೇರಿ ಎರಡು ಎಂಜಿನ್, ಎರಡು ವಿಮೆ, ಹತ್ತು ಟೈರುಗಳ ಖರ್ಚು. ಎಲ್ಲಕ್ಕಿಂತ ಮಿಗಿಲಾಗಿ, ಅಮ್ಮಿಯ ಮಂಡಿನೋವು. ವ್ಯಾನಿನ ಎತ್ತರದ ಮೆಟ್ಟಿಲನ್ನು ಏರುವುದು ಅವರಿಗೆ ಶಿಕ್ಷೆಯಾಗತೊಡಗಿತು.

ಹಾಗಾಗಿ ವ್ಯಾನನ್ನು ಮಾರಿ, ಕಾರಿನ ಹಿಂದೆ ಎಳೆಯುವ ಪುಟ್ಟ ಕ್ಯಾಂಪಿಂಗ್ ಟ್ರೇಲರೊಂದನ್ನು ಕೊಳ್ಳೋಣವೆಂದು ಮನೆಯವರೆಲ್ಲ ಕುಳಿತು ನಿರ್ಧರಿಸಿದೆವು. ಟ್ರೇಲರಿಗೆ ಎಂಜಿನ್ ಇಲ್ಲ, ಕೆಡುವಂಥದ್ದೂ ಕಡಿಮೆ. ನೆಲಕ್ಕೆ ಹತ್ತಿರವಾಗಿರುವುದರಿಂದ ಹತ್ತುವುದು ಸುಲಭ. ತಂಗಿದಲ್ಲಿ ಅದನ್ನು ಬಿಚ್ಚಿಟ್ಟು ಮಸೀದಿಗೋ ಪೇಟೆಗೋ ಕಾರಿನಲ್ಲಿ ಹೋಗಿಬರಬಹುದು. ಕೊರತೆಗಳೂ ಇಲ್ಲದಿಲ್ಲ. ಓಡುವಾಗ ಟ್ರೇಲರಿನೊಳಗೆ ಯಾರೂ ಇರಬಾರದು, ಆದ್ದರಿಂದ ಅಮ್ಮಿ ದಾರಿಯುದ್ದಕ್ಕೂ ಮಲಗಿಕೊಂಡು ಬರುವಂತಿಲ್ಲ. ಅದಕ್ಕೂ ಪ್ರತ್ಯೇಕ ನೋಂದಣಿ ಬೇಕು. ನಾವು ನೋಡಿಟ್ಟ ಹಳೆಯ ಟ್ರೇಲರಿನ ಬೆಲೆ ನಾಲ್ಕು ಲಕ್ಷ ರೂಪಾಯಿ. ವ್ಯಾನಿಗೆ ನಾಲ್ಕೂವರೆ ಲಕ್ಷವಾದರೂ ಬರಬಹುದೆಂದು ಪರಿಚಯದ ಮಧ್ಯವರ್ತಿಯೊಬ್ಬರು ಅಂದಾಜಿಸಿದರು. ಲೆಕ್ಕ ಸರಿಹೊಂದಿತ್ತು, ಬೇಸಿಗೆ ರಜೆಗೆ ಹೊಸ ಪ್ರಯಾಣವೆಂದು ಮಕ್ಕಳು ಊರುಗಳ ಪಟ್ಟಿಯನ್ನೂ ಬರೆದಿಟ್ಟಿದ್ದರು.

ಮಧ್ಯವರ್ತಿ ಬಂದು ವ್ಯಾನನ್ನು ಸುತ್ತಿ ನೋಡಿದರು. ಛಾವಣಿಯ ಹಿಂಬದಿಯ ಜೋಡಣೆಯಲ್ಲಿ ಮಳೆಗಾಲದಲ್ಲಿ ನೀರು ಸೋರುತ್ತಿತ್ತು. ಅದರ ಕೆಳಗಿನ ಮಂಚದ ಪ್ಲೈವುಡ್ ಮೆತ್ತಗಾಗಿತ್ತು. ಎಂಜಿನ್ ಆಯಿಲ್ ಕುಡಿಯುತ್ತಿತ್ತು. ಎರಡನೆಯ ಗೇರು ಸದ್ದು ಮಾಡುತ್ತಿತ್ತು. "ಸಾಹೇಬ್ರೇ, ಇದೇನು ದೊಡ್ಡ ವಿಷಯವಲ್ಲ. ಮೇಲೊಂದಿಷ್ಟು ಪುಟ್ಟಿ ಹಚ್ಚಿ ಬಣ್ಣ ಹೊಡೆಸಿ. ದಪ್ಪ ಆಯಿಲ್ ಹಾಕಿಸಿದರೆ ಹೊಗೆ ಕಾಣುವುದಿಲ್ಲ. ಈಗ ಫೆಬ್ರವರಿ, ಮಳೆ ಎಲ್ಲಿದೆ?" ಎಂದರು. ನನ್ನ ಪತ್ನಿಯ ತಮ್ಮನೂ ಅಲ್ಲಿದ್ದ. "ಭಾಯ್‌ಜಾನ್, ಕೊಳ್ಳುವವರು ಮೆಕ್ಯಾನಿಕ್‌ನನ್ನು ಕರೆದುಕೊಂಡೇ ಬರುತ್ತಾರೆ. ಇದ್ದ ಸ್ಥಿತಿಯಲ್ಲಿ ಮಾರಾಟ ಎಂದು ಬರೆದರೆ ಸಾಕಲ್ಲವೇ?" ಎಂದ.

ಅವನ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಹಳೆಯ ವಾಹನಗಳ ಪೇಟೆ ನಡೆಯುವುದೇ ಹಾಗೆ. ಆದರೆ ಅಮ್ಮಿ ಒಳಗಿನಿಂದಲೇ ಕೇಳಿದ್ದು ಒಂದೇ ಮಾತು: "ಮಳೆ ಬಂದ ದಿನ ಆ ಮನೆಯ ಮಕ್ಕಳು ಎಲ್ಲಿ ಮಲಗುತ್ತಾರೆ, ಬೇಟಾ?"

ಈ ವಿಷಯದಲ್ಲಿ ಪ್ರವಾದಿವರ್ಯರ(ಸ) ಮಾರ್ಗದರ್ಶನವು ಅತ್ಯಂತ ಸ್ಪಷ್ಟವಾಗಿದೆ. ಅಬೂ ಹುರೈರಾ(ರ) ವರದಿ ಮಾಡಿರುವ, ಸಹೀಹ್ ಮುಸ್ಲಿಮ್‌ನಲ್ಲಿರುವ ಪ್ರಸಂಗವನ್ನು ನಾವೆಲ್ಲರೂ ಕೇಳಿದ್ದೇವೆ. ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಪ್ರವಾದಿವರ್ಯರು(ಸ) ಕೈಯಿಳಿಸಿದಾಗ ಬೆರಳುಗಳಿಗೆ ತೇವ ತಗಲಿತು. ಮಳೆಗೆ ನೆನೆದದ್ದೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಕೇಳಿದರು. ವಂಚಿಸುವವನು ತನ್ನವನಲ್ಲವೆಂದು ಎಚ್ಚರಿಸಿದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ಒದ್ದೆ ಧಾನ್ಯವನ್ನು ಮಾರಕೂಡದೆಂದೂ ಪ್ರವಾದಿವರ್ಯರು(ಸ) ಹೇಳಲಿಲ್ಲ. ತೇವವನ್ನು ಒಣಧಾನ್ಯದ ಕೆಳಗಿಟ್ಟದ್ದೇ ಆಕ್ಷೇಪಾರ್ಹವಾಯಿತು. ನಮ್ಮ ವ್ಯಾನಿನ ಛಾವಣಿಗೆ ಹಚ್ಚಬೇಕೆಂದಿದ್ದ ಪುಟ್ಟಿಯೂ ಆ ಒಣಧಾನ್ಯದ ಪದರಕ್ಕಿಂತ ಬೇರೆಯದಲ್ಲ.

ಮುಸ್ನದ್ ಅಹ್ಮದ್‌ನಲ್ಲಿ ವಾಸಿಲಾ ಬಿನ್ ಅಸ್ಕಅ್(ರ) ಎಂಬ ಸಹಾಬಿಯ ಘಟನೆಯೊಂದಿದೆ. ಒಬ್ಬರು ಒಂಟೆಯೊಂದನ್ನು ಕೊಂಡು ಹೊರಟಾಗ ವಾಸಿಲಾ(ರ) ಹಿಂದೆಯೇ ಹೋಗಿ, ಪ್ರಯಾಣಕ್ಕಾಗಿ ಕೊಂಡಿರಾ ಅಥವಾ ಮಾಂಸಕ್ಕಾಗಿಯೇ ಎಂದು ವಿಚಾರಿಸಿದರು. ಪ್ರಯಾಣಕ್ಕೆಂದು ತಿಳಿದಾಗ, ಅದರ ಪಾದದಲ್ಲಿ ಗಾಯವಿರುವುದನ್ನು ತಿಳಿಸಿದರು. ನನ್ನ ವ್ಯಾಪಾರವನ್ನು ಕೆಡಿಸಿದಿರಲ್ಲ ಎಂದು ಮಾರಿದವನು ಆಕ್ಷೇಪಿಸಿದಾಗ, ದೋಷವನ್ನು ವಿವರಿಸದೆ ಮಾರುವುದು ಯಾರಿಗೂ ಧರ್ಮಸಮ್ಮತವಲ್ಲವೆಂದೂ, ದೋಷವನ್ನು ಅರಿತವನು ಅದನ್ನು ಮರೆಮಾಚಕೂಡದೆಂದೂ ಪ್ರವಾದಿವರ್ಯರಿಂದ(ಸ) ತಾನು ಕೇಳಿರುವುದಾಗಿ ಹೇಳಿದರು. ಮಾಂಸಕ್ಕಾದರೆ ಪಾದದ ಗಾಯ ಅಷ್ಟು ಮುಖ್ಯವಲ್ಲ. ಪ್ರಯಾಣಕ್ಕೆ ಅದೇ ಸರ್ವಸ್ವ. ಹಾಗಾದರೆ ನಮ್ಮ ಸರಕಿನ ಸ್ಥಿತಿಯನ್ನು ತಿಳಿಸಿದರಷ್ಟೇ ಸಾಲದು, ಕೊಳ್ಳುವವನ ಅಗತ್ಯವೇನೆಂದು ಕೇಳುವುದೂ ಪ್ರಾಮಾಣಿಕತೆಯ ಭಾಗವೇ.

ಅಂದು ರಾತ್ರಿ ಇಶಾ ನಮಾಝ್‌ನ ಬಳಿಕ ಪತ್ನಿ ಮತ್ತು ನಾನು ಒಂದು ಹಾಳೆಯಲ್ಲಿ ದೋಷಗಳನ್ನು ಒಂದೊಂದಾಗಿ ಬರೆದೆವು. ಛಾವಣಿ, ಪ್ಲೈವುಡ್, ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್, ಎರಡನೆಯ ಗೇರು, ಎಡಬದಿಯ ಚಾಸಿಯಲ್ಲಿ ತುಕ್ಕು, ಬದಲಿಸಬೇಕಾದ ಗ್ಯಾಸ್ ಪೈಪು. ಒಟ್ಟು ಒಂಬತ್ತು ಅಂಶಗಳಾದವು. ಮೊದಲು ಬಂದವರು ನಾಲ್ಕು ಲಕ್ಷದ ಇಪ್ಪತ್ತು ಸಾವಿರಕ್ಕೆ ಒಪ್ಪಿದ್ದರು. ಹಾಳೆ ಓದಿದ ಬಳಿಕ ಮತ್ತೆ ಫೋನ್ ಎತ್ತಲಿಲ್ಲ. ಎರಡನೆಯವರು ನಕ್ಕು ಹೊರಟರು. ಮಧ್ಯವರ್ತಿಯೂ ಬರುವುದನ್ನು ನಿಲ್ಲಿಸಿದರು. ಮಾರ್ಚ್ ಕಳೆಯಿತು.

ಕೊನೆಗೆ ಗುಬ್ಬಿ ಕಡೆಯ ಯುವಕನೊಬ್ಬ ಬಂದ. ಬೇರೆ ಧರ್ಮದವನು. ಅವನಿಗೆ ಬೇಕಾಗಿದ್ದುದು ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿಗೆ ತಿಂಡಿ ಮಾರುವ ಕ್ಯಾಂಟೀನ್ ಗಾಡಿ. ಅದನ್ನು ಕೇಳಿ ತಿಳಿದುಕೊಂಡ ಮೇಲೆ ಹಾಳೆಗೆ ಹತ್ತನೆಯ ಅಂಶವೊಂದನ್ನು ಸೇರಿಸಬೇಕಾಯಿತು: ಈ ವ್ಯಾನ್ ಖಾಸಗಿ ಬಳಕೆಗೆ ನೋಂದಾಯಿತವಾದದ್ದು, ವ್ಯಾಪಾರಕ್ಕೆ ಬಳಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ದಾಖಲೆ ಬದಲಿಸಿಕೊಳ್ಳಬೇಕು, ತಿಂಡಿ ಮಾರಲು ಆಹಾರ ಇಲಾಖೆಯ ನೋಂದಣಿಯೂ ಬೇಕು. ಆ ಖರ್ಚನ್ನೂ ಅವನು ಲೆಕ್ಕಹಾಕಿದ. ಮೂರು ಲಕ್ಷದ ನಲವತ್ತು ಸಾವಿರಕ್ಕೆ ವ್ಯವಹಾರ ಮುಗಿಯಿತು. ಅಂದಾಜಿಗಿಂತ ಒಂದು ಲಕ್ಷದ ಹತ್ತು ಸಾವಿರ ಕಡಿಮೆ. ಹತ್ತು ಅಂಶಗಳ ಹಾಳೆಗೆ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡೆವು.

ಒಂದು ಷರತ್ತನ್ನು ಮಾತ್ರ ನಾನು ಕೇಳಿಕೊಂಡೆ. ಅಮ್ಮಿಯ ತವರು ಕುಣಿಗಲ್‌ನಲ್ಲಿ ಮದುವೆಯೊಂದಿತ್ತು. ಅದು ಮುಗಿದ ಬಳಿಕ ವ್ಯಾನನ್ನು ಒಪ್ಪಿಸುತ್ತೇನೆಂದೆ. "ಅಮ್ಮನನ್ನು ಕರೆದುಕೊಂಡು ಹೋಗಿ ಬನ್ನಿ ಸಾಹೇಬ್ರೇ, ಅವಸರವಿಲ್ಲ" ಎಂದ. ಇಂಥ ಷರತ್ತಿಗೂ ನಮ್ಮ ಇತಿಹಾಸದಲ್ಲಿ ಮಾದರಿಯಿದೆ. ಯುದ್ಧಯಾತ್ರೆಯಿಂದ ಮರಳುವಾಗ ದಣಿದ ತನ್ನ ಒಂಟೆಯನ್ನು ಜಾಬಿರ್ ಬಿನ್ ಅಬ್ದುಲ್ಲಾ(ರ) ಪ್ರವಾದಿವರ್ಯರಿಗೆ(ಸ) ಮಾರಿದಾಗ, ಮದೀನಾ ತಲಪುವವರೆಗೆ ತಾನೇ ಸವಾರಿ ಮಾಡುವೆನೆಂಬ ಷರತ್ತು ವಿಧಿಸಿದ್ದರು. ಪ್ರವಾದಿವರ್ಯರು(ಸ) ಅದನ್ನು ಒಪ್ಪಿದರು. ಮದೀನಾದಲ್ಲಿ ಬೆಲೆಯನ್ನು ಪಾವತಿಸಿ, ಒಂಟೆಯನ್ನೂ ಅವರಿಗೇ ಮರಳಿಸಿದರು.

ವ್ಯಾನನ್ನು ಒಪ್ಪಿಸಿದ ದಿನವೇ ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿದೆವು. ಮಾರಿದವನು 14 ದಿನಗಳೊಳಗೆ ವರ್ಗಾವಣೆಯನ್ನು ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ವಿಧಿಸುತ್ತದೆ. ಎಷ್ಟೋ ಜನ ಇದನ್ನು ಕಡೆಗಣಿಸುತ್ತಾರೆ. ನಾಳೆ ಅಪಘಾತವೇನಾದರೂ ಸಂಭವಿಸಿದರೆ ಹೊಣೆ ಯಾರದೆಂಬ ಗೊಂದಲ ಇಬ್ಬರನ್ನೂ ಕಾಡುತ್ತದೆ. ದಾಖಲೆಯನ್ನು ಶುದ್ಧವಾಗಿಡುವುದೂ ಕೊಟ್ಟ ಮಾತನ್ನು ಪೂರೈಸುವುದರ ಭಾಗವೇ ಆಗಿದೆ.

ಇನ್ನು ಟ್ರೇಲರಿಗೆ ಅರವತ್ತು ಸಾವಿರ ಕಡಿಮೆ ಬಿತ್ತು. ಬಡ್ಡಿಯ ಸಾಲಕ್ಕೆ ಕೈಚಾಚುವುದು ಬೇಡವೆಂಬುದರಲ್ಲಿ ಮನೆಯಲ್ಲಿ ಎರಡು ಮಾತಿರಲಿಲ್ಲ. ಬೇಸಿಗೆ ರಜೆ ಮನೆಯಲ್ಲೇ ಕಳೆಯಿತು. "ಅಬ್ಬಾ, ನಿಜ ಹೇಳಿದ್ದಕ್ಕೆ ನಮಗೇ ಯಾಕೆ ನಷ್ಟ?" ಎಂದು ಕಿರಿಯ ಮಗಳು ಕೇಳಿದಳು. ಮಕ್ಕಳಿಗೆ ಸುಲಭದ ಉತ್ತರ ಕೊಟ್ಟು ಸಮಾಧಾನಪಡಿಸಬಾರದೆಂದು ನನಗನಿಸಿತು. ಹೌದು, ಹಣ ಕಡಿಮೆಯಾಯಿತು ಮಗಳೇ ಎಂದೆ. ಮಾರುವವನೂ ಕೊಳ್ಳುವವನೂ ಸತ್ಯ ನುಡಿದು ಎಲ್ಲವನ್ನೂ ವಿವರಿಸಿದರೆ ಅವರ ವ್ಯವಹಾರದಲ್ಲಿ ಬರಕತ್ ಇರುವುದೆಂದೂ, ಮರೆಮಾಚಿ ಸುಳ್ಳಾಡಿದರೆ ಅದು ಅಳಿಸಿಹೋಗುವುದೆಂದೂ ಪ್ರವಾದಿವರ್ಯರು(ಸ) ತಿಳಿಸಿರುವುದನ್ನು ಅವಳಿಗೆ ವಿವರಿಸಿದೆ. ಹೆಚ್ಚು ಬೆಲೆ ಸಿಗುವುದೆಂದು ಅಲ್ಲಿ ಹೇಳಿಲ್ಲ. ಬರಕತ್ ಎಂದಷ್ಟೇ ಹೇಳಲಾಗಿದೆ. ಕೈಗೆ ಬಂದ ಹಣದಲ್ಲಿ ಇನ್ನೊಬ್ಬರ ಕಣ್ಣೀರು ಬೆರೆತಿಲ್ಲವೆಂಬ ನೆಮ್ಮದಿಯೂ ಬರಕತ್ತಿನ ಒಂದು ರೂಪವಲ್ಲವೇ?

ಐದು ತಿಂಗಳ ಉಳಿತಾಯದ ಬಳಿಕ ಟ್ರೇಲರ್ ಮನೆಗೆ ಬಂತು. ಅದನ್ನು ಎಳೆಯಲು ಹೊಸ ಅಭ್ಯಾಸಗಳೇ ಬೇಕು. ಹಿಮ್ಮುಖವಾಗಿ ಚಲಿಸುವಾಗ ಸ್ಟಿಯರಿಂಗ್ ತಿರುಗಿಸಿದ ದಿಕ್ಕಿಗೆ ವಿರುದ್ಧವಾಗಿ ಅದು ಹೊರಳುತ್ತದೆ. ಭಾರವನ್ನೆಲ್ಲ ಹಿಂಬದಿಗೆ ಹೇರಿದರೆ ವೇಗದಲ್ಲಿ ಹಾವಿನಂತೆ ಓಲಾಡುತ್ತದೆ. ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಪಾಲು ಮುಂದಿನ ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕು. ಹೀಗಾಗಿ ಪ್ರತಿ ವಸ್ತುವನ್ನೂ ಒಳಗಿಡುವ ಮುನ್ನ ಇದು ಬೇಕೇ ಎಂದು ಕೇಳಿಕೊಳ್ಳುತ್ತೇವೆ. ಪುಟ್ಟ ಗಾಡಿ ನಮಗೆ ಮಿತವ್ಯಯವನ್ನೂ ಕಲಿಸುತ್ತಿದೆ, ಅಲ್‌ಹಮ್ದುಲಿಲ್ಲಾಹ್.

ಬೈಕು, ಆಟೋ, ಕಾರು, ಲಾರಿ, ಹೀಗೆ ಒಂದಲ್ಲ ಒಂದು ಹಳೆಯ ವಾಹನವನ್ನು ಮಾರುವ ಸಂದರ್ಭ ನಮ್ಮೆಲ್ಲರ ಮನೆಗಳಲ್ಲಿಯೂ ಬರುತ್ತದೆ. ಗುಪ್ತದೋಷ ಕಂಡುಬಂದರೆ ಸರಕನ್ನು ಮರಳಿಸುವ ಹಕ್ಕನ್ನು ಇಸ್ಲಾಮೀ ಕರ್ಮಶಾಸ್ತ್ರವು ಕೊಳ್ಳುವವನಿಗೆ ನೀಡಿದೆ. ಆದರೆ ನಮ್ಮ ಪೇಟೆಯಲ್ಲಿ ಬಡಗ್ರಾಹಕನೊಬ್ಬ ಆ ಹಕ್ಕನ್ನು ಚಲಾಯಿಸುವುದು ಸುಲಭವಲ್ಲ. ಅವನ ಪರವಾಗಿ ಮಾತನಾಡಬೇಕಾದುದು ಮಾರುವವನ ಈಮಾನ್. ವಾಹನದ ಬೀಗದ ಕೈಯನ್ನು ಒಪ್ಪಿಸುವ ಮುನ್ನ ನಿಮಗೆ ತಿಳಿದ ದೋಷಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬರೆಯುವಾಗ ನಿಮ್ಮ ಮಕ್ಕಳನ್ನೂ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿರಿ. ಅಲ್ಲಾಹನು ನಮ್ಮ ಕೊಡುಕೊಳ್ಳುವಿಕೆಗಳನ್ನು ಶುದ್ಧಗೊಳಿಸಲಿ, ನಮ್ಮ ಹಳೆಯ ಸವಾರಿಗಳನ್ನು ಕೊಂಡವರ ಪ್ರಯಾಣವನ್ನೂ ಸುರಕ್ಷಿತವಾಗಿಡಲಿ. ಆಮೀನ್.