ಕಾರಿನ ಮುಂದೆ ಲಟ್ಟಣಿಗೆ

ಹಳೆಯ ಕಾರಿಗೆ ಅದರದ್ದೇ ಆದ ಸದ್ದುಗಳಿರುತ್ತವೆ. ಗೇರು ಬೀಳುವಾಗಿನ ಗಡಕ್, ಹಿಂದಿನ ಎಡಬಾಗಿಲ ಗಾಜು ಇಳಿಯುವಾಗಿನ ಕಿರ್ರ್, ಮಳೆ ನಿಂತ ಮೇಲೂ ಓಡುತ್ತಿರುವ ವೈಪರಿನ ಗೊಣಗಾಟ. ಇವೆಲ್ಲ ಮನೆಮಂದಿಯ ಕೆಮ್ಮು, ಸೀನುಗಳ ಹಾಗೆ. ಆಗುತ್ತಲೇ ಇದ್ದರೂ ಗಮನಕ್ಕೆ ಬರುವುದಿಲ್ಲ. ಆದರೆ ಇವುಗಳ ನಡುವೆ ಹೊಸದೊಂದು ಸೇರಿಕೊಂಡಿತೋ, ಆಮೇಲೆ ಕಿವಿಗೆ ಬೇರೇನೂ ಬೇಡ. ರೇಡಿಯೊ ಆರಿಸುತ್ತೇವೆ, ಗಾಜು ಏರಿಸುತ್ತೇವೆ, ಪಕ್ಕದಲ್ಲಿ ಕೂತವರ ಮಾತನ್ನು ಅರ್ಧಕ್ಕೇ ತಡೆದು "ಶ್! ಕೇಳಿಸ್ತಾ?" ಎನ್ನುತ್ತೇವೆ. ಅವರಿಗೆ ಕೇಳಿಸಿರುವುದಿಲ್ಲ.

ನಮ್ಮ ಕಾರಿಗೆ ಇಂಥದ್ದೊಂದು ಅಂಟಿಕೊಂಡದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಶಿವಮೊಗ್ಗದ ಮಳೆಯನ್ನು ಕಾರು ಹೇಗೋ ತಡೆದುಕೊಳ್ಳುತ್ತದೆ. ಆದರೆ ನನ್ನ ತಂಗಿಯ ಮನೆ ಇರುವುದು ಆಗುಂಬೆಯ ಕಡೆ. ಆ ದಾರಿಯ ನೀರು, ಕೆಸರು ಎಲ್ಲ ಕಾರಿನ ತಳಕ್ಕೆ ಬಡಿದೂ ಬಡಿದೂ ಎಲ್ಲಿ ಏನು ತುಕ್ಕು ಹಿಡಿದಿತ್ತೋ ದೇವರಿಗೇ ಗೊತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ತೆಳ್ಳನೆಯ, ಅವಸರದ ಒಂದು ಝರಝರ. ಪೇಟೆ ದಾಟುವಷ್ಟರಲ್ಲಿ ಮಾಯ.

ಸದ್ದು ಒಂದೇ ಆದರೂ ಮನೆಯಲ್ಲಿ ಅಭಿಪ್ರಾಯಗಳು ನಾಲ್ಕು. "ಇಲಿ ಸೇರ್ಕೊಂಡಿರುತ್ತೆ, ನೋಡೋ" ಎಂದಳು ಅಮ್ಮ. ಇದಕ್ಕೆ ನಗುವಂತಿರಲಿಲ್ಲ, ಎಂಜಿನ್ನಿನ ಬೆಚ್ಚಗಿನ ಸಂದಿಯಲ್ಲಿ ಇಲಿ ಬಿಡಾರ ಹೂಡಿ ವೈರು ಕಡಿಯುವುದು ನಮ್ಮ ಕಡೆ ಮಾಮೂಲು. ಬೆಂಗಳೂರಿನಿಂದ ಮಗ ಫೋನಿನಲ್ಲೇ ತೀರ್ಪು ಕೊಟ್ಟ: "ಮಾರಿಬಿಡಿ ಅಪ್ಪಾ." ಮಗ್ಗುಲಮನೆಯವರು ಸೈಲೆನ್ಸರ್ ಅಂದರು. ಹೆಂಡತಿ ಮಾತ್ರ, "ಮೊದಲು ನಿಮ್ಮ ಡಿಕ್ಕಿ ಖಾಲಿ ಮಾಡಿ" ಎಂದಳು.

ಮಾಡಿದೆ. ಜಾಕು, ವೀಲ್ ಸ್ಪ್ಯಾನರು, ಕಡ್ಡಿ ಮುರಿದ ಕೊಡೆ, ಅರ್ಧ ಚೀಲ ಗೊಬ್ಬರ, ಖಾಲಿ ಬಾಟಲಿಗಳು, ಯಾವ ದೇವಸ್ಥಾನದ್ದೆಂದು ನೆನಪಾಗದ ಒಂದು ತೆಂಗಿನಕಾಯಿ. ಅಲ್ಲಾಡಿಸಿದರೆ ಕಾಯಿಯೊಳಗೆ ನೀರಿರಲಿಲ್ಲ, ಕೊಬ್ಬರಿ ಗೊಟಗೊಟ ಎಂದಿತು. ಹಂಪ್ ಹತ್ತುವಾಗ ಹಿಂದಿನಿಂದ ಕೇಳುತ್ತಿದ್ದ ಗುಡುಗುಡು ಯಾರದೆಂದು ಅವತ್ತು ತಿಳಿಯಿತು. ಝರಝರ ಮಾತ್ರ ಹಾಗೇ ಉಳಿಯಿತು.

ಮನೆಯ ಸುತ್ತಲಿನ ಬೀದಿಗಳಲ್ಲಿ ಒಂದು ಸುತ್ತು ಹಾಕಿದೆವು. ಹಿಂದಿನ ಸೀಟಿನಲ್ಲಿ ಕೂತ ಹೆಂಡತಿ ಸದ್ದು ಬಲಬಾಗಿಲಿನಲ್ಲಿದೆ ಎಂದಳು. ನನಗೆ ಅದು ಎಡಗಡೆ, ಡ್ಯಾಶ್‌ಬೋರ್ಡಿನ ಹಿಂದೆ. ಇಬ್ಬರೂ ಪ್ರಮಾಣ ಮಾಡಲು ಸಿದ್ಧ. ಇದು ಬರೀ ಸಂಸಾರದ ಜಗಳವಲ್ಲ. ಸದ್ದು ಯಾವ ದಿಕ್ಕಿನದೆಂದು ತಿಳಿಯಲು ನಮ್ಮ ತಲೆ ಎರಡು ಕಿವಿಗಳಿಗೆ ಅದು ಮುಟ್ಟಿದ ಹೊತ್ತನ್ನು ಹೋಲಿಸಿ ನೋಡುತ್ತದೆ. ಆ ಅಂತರ ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಇರುವುದಿಲ್ಲ. ಬಯಲಿನಲ್ಲಿ ಈ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಕಾರು ಎಂದರೆ ಮುಚ್ಚಿದ ಉಕ್ಕಿನ ಪೆಟ್ಟಿಗೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವ ಸದ್ದು ಉಕ್ಕಿನಲ್ಲಿ 5,000 ಮೀಟರ್ ದಾಟಿ ಓಡುತ್ತದೆ. ಮುಂದೆ ಹುಟ್ಟಿದ್ದು ತಳದ ತಗಡು ಹಿಡಿದು ಹಿಂದಿನ ಬಾಗಿಲಿನಲ್ಲಿ ಬಾಯಿ ಬಿಡುತ್ತದೆ, ಗಾಜಿಗೆ ಬಡಿದು ಮತ್ತೊಂದು ಕಡೆಯಿಂದ ಬರುತ್ತದೆ. ಕಾರಿನೊಳಗೆ ಕೂತವರ ಸಾಕ್ಷಿ ನಂಬುವ ಹಾಗಿಲ್ಲ.

ಭದ್ರಾವತಿ ರಸ್ತೆಯ ಗ್ಯಾರೇಜಿಗೆ ಹೋದೆ. ನಿರೀಕ್ಷಿಸಿದಂತೆ ಅಲ್ಲಿ ಕಾರು ಗಪ್‌ಚುಪ್. ಬಾಯಲ್ಲಿ ಝರಝರ ಮಾಡಿ ತೋರಿಸಿದೆ. ಕೆಲಸ ಕಲಿಯುವ ಹುಡುಗ ಮುಖ ತಿರುಗಿಸಿಕೊಂಡು ನಕ್ಕ. ಮೆಕ್ಯಾನಿಕ್ ಭಾಯ್ ನಗಲಿಲ್ಲ. "ಎಲ್ಲಿಂದ ಬರುತ್ತೆ ಅಂತ ಹೇಳ್ಬೇಡಿ ಸಾರ್. ಯಾವಾಗ ಬರುತ್ತೆ, ಅದು ಹೇಳಿ" ಎಂದರು.

ಇಂಥ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಭಾಯ್ ಕೈ ಒರೆಸಿಕೊಳ್ಳುತ್ತಾ ತಮ್ಮ ಶಾಸ್ತ್ರ ಬಿಚ್ಚಿದರು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಅಂದರೆ ಆಕ್ಸಲ್ಲಿನ ಜಾಯಿಂಟು. ಸ್ಪೀಡಿನ ಜೊತೆ ಗುಂಯ್ ಅನ್ನುವುದು ಏರುತ್ತಾ ಹೋಗಿ, ಬಲಕ್ಕೆ ತಿರುಗಿದಾಗ ಜೋರಾದರೆ ಎಡಗಡೆಯ ವೀಲ್ ಬೇರಿಂಗು; ತಿರುವಿನಲ್ಲಿ ಭಾರವೆಲ್ಲ ಆ ಕಡೆಗೆ ವಾಲುತ್ತದಲ್ಲ. ಹಳ್ಳಕ್ಕೆ ಬಿದ್ದಾಗ ಲೊಟಕ್ ಅಂದರೆ ಬುಷ್ಷು, ಇಲ್ಲ ಲಿಂಕ್ ರಾಡು. ಬ್ರೇಕಿನ ಚೀಂಯ್ ಬಗ್ಗೆ ಅವರು ಹೇಳಿದ್ದು ನನಗೆ ಬಹಳ ಹಿಡಿಸಿತು. ಅನೇಕ ಪ್ಯಾಡುಗಳಲ್ಲಿ ಒಂದು ಸಣ್ಣ ತಗಡಿನ ನಾಲಗೆ ಇಟ್ಟಿರುತ್ತಾರಂತೆ. ಪ್ಯಾಡ್ ಸವೆದು ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ಕಿರುಚಲಿ ಎಂದೇ ಇಟ್ಟದ್ದು. ಈ ಏರ್ಪಾಡು ಮನುಷ್ಯನ ಮೊಣಕಾಲಿನಲ್ಲೂ ಇರಬಾರದಿತ್ತೇ!

ಮನೆಗೆ ಬಂದು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯತೊಡಗಿದೆ. ಎಂಜಿನ್ ತಣ್ಣಗಿದ್ದಾಗ ಬರುತ್ತದೆ. ಆಕ್ಸಿಲರೇಟರ್ ಚೂರು ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ಎ.ಸಿ. ಹಾಕಿದರೂ ನಿಲ್ಲುತ್ತದೆ. ಇನ್ನೊಂದು ಸಂಗತಿ ಕಣ್ಣೆದುರಿಗೇ ಇತ್ತು: ಕಾರು ಅಂಗಳದಲ್ಲಿ ನಿಂತಲ್ಲೇ ಇದ್ದರೂ ಸದ್ದು ಬರುತ್ತಿತ್ತು. ಅಲ್ಲಿಗೆ ಚಕ್ರ, ಬ್ರೇಕು, ಬುಷ್ಷು, ಬೇರಿಂಗು ಎಲ್ಲ ಒಂದೇ ಏಟಿಗೆ ಖುಲಾಸೆ. ಉಳಿದದ್ದು ಬಾನೆಟ್ಟಿನ ಕೆಳಗಿನವು ಮತ್ತು ಸೈಲೆನ್ಸರ್ ಪೈಪು.

ಮಾರನೆಯ ಬೆಳಿಗ್ಗೆ ಹ್ಯಾಂಡ್‌ಬ್ರೇಕ್ ಹಾಕಿ, ಬಾನೆಟ್ ಎತ್ತಿ, ಅಡಿಗೆಮನೆಯ ಉದ್ದನೆಯ ಲಟ್ಟಣಿಗೆ ಹಿಡಿದು ನಿಂತೆ. ಮೆಕ್ಯಾನಿಕ್‌ಗಳು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಳ್ಳುವುದನ್ನು ಕಂಡಿದ್ದೆ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲಾನೆಕ್ ಕಾಗದ ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ್ದ. ಆಮೇಲೆ ಅವನು ಮಾಡಿಸಿಕೊಂಡದ್ದೂ ಮರದ ಕೊಳವೆಯೇ. ಹಾಗಾಗಿ ನನ್ನ ಲಟ್ಟಣಿಗೆಗೆ ಒಳ್ಳೆಯ ಮನೆತನವಿತ್ತು. ಹಾಲು ತಂದ ಹುಡುಗನಿಗೆ ಇದೆಲ್ಲ ಎಲ್ಲಿ ಗೊತ್ತು? ಅವನು ಪಾಕೆಟ್ಟನ್ನು ಗೇಟಿನ ಮೇಲೇ ಇಟ್ಟು ಹೋದ.

ಬೆಲ್ಟು, ಫ್ಯಾನುಗಳಿಂದ ದೂರವಿದ್ದು ಒಂದೊಂದೇ ಜಾಗ ಮುಟ್ಟಿಸುತ್ತಾ ಹೋದೆ. ಬ್ಯಾಟರಿಯ ಪಟ್ಟಿ, ಏರ್ ಫಿಲ್ಟರಿನ ಡಬ್ಬ: ಬರೀ ಗುರುಗುರು. ರೇಡಿಯೇಟರಿನ ಹಿಂದೆ, ಹೊಗೆ ಹೊರಹೋಗುವ ಕೊಳವೆಗಳ ಮೇಲೆ ಕವುಚಿದ ಒಂದು ತಗಡಿದೆ. ಕೊಳವೆಯ ಕಾವು ಸುತ್ತಲಿನ ವೈರುಗಳಿಗೆ ತಟ್ಟದಿರಲೆಂದು ಹಾಕಿದ ಹೀಟ್ ಶೀಲ್ಡ್. ಲಟ್ಟಣಿಗೆಯನ್ನು ಅದರ ಮೇಲೆ ಒತ್ತಿದೆ. ಝರಝರ ನಿಂತಿತು. ಎತ್ತಿದೆ, ಬಂತು. ಒತ್ತಿದೆ, ನಿಂತಿತು. ಒಳಗಿನಿಂದ ಹೆಂಡತಿ, ಅಮ್ಮ ಇಬ್ಬರನ್ನೂ ಕರೆದು ತೋರಿಸಿದೆ. ಅಮ್ಮ ತಾನೂ ಒಮ್ಮೆ ಒತ್ತಿ ನೋಡಿ, "ಇಲಿ ಅಲ್ಲ ಬಿಡು" ಎಂದು ಸ್ವಲ್ಪ ನಿರಾಸೆಯಿಂದಲೇ ಒಪ್ಪಿದಳು.

ಬಗ್ಗಿ ನೋಡಿದರೆ ಒಂದು ಮೂಲೆಯ ಬೋಲ್ಟು ಭದ್ರವಾಗಿತ್ತು, ಅದು ಕೂತ ತೂತೇ ತುಕ್ಕು ತಿಂದು ಅಗಲವಾಗಿತ್ತು. ತಗಡು ಬೋಲ್ಟಿನ ಕುತ್ತಿಗೆಯ ಸುತ್ತ ಆಡುತ್ತಿತ್ತು. ಮೂರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಸೆಕೆಂಡಿಗೆ 20 ಸಲ ಸಿಡಿಯುತ್ತದೆ. ಆ ನಡುಕಕ್ಕೆ ಈ ತಗಡು ಸರಿಯಾಗಿ ತಾಳ ಹಾಕುತ್ತಿತ್ತು. ಎ.ಸಿ. ಹಾಕಿದರೆ ಎಂಜಿನ್ ತಾನೇ ಸುತ್ತು ಏರಿಸಿಕೊಳ್ಳುತ್ತದೆ, ತಾಳ ತಪ್ಪುತ್ತದೆ. ಕಾದ ಮೇಲೆ ತಗಡು ಹಿಗ್ಗಿ ಬಿಗಿಯಾಗುತ್ತದೆ. ಗ್ಯಾರೇಜು ಮುಟ್ಟುವಷ್ಟರಲ್ಲಿ ಕಾರು ಮೌನಗೌರಿಯಾಗುತ್ತಿದ್ದ ಗುಟ್ಟು ಇಷ್ಟೇ.

ಭಾಯ್ ದೊಡ್ಡ ವಾಷರ್ ಹಾಕಿ ಬಿಗಿದರು. ದುಡ್ಡು ಬೇಡವೆಂದರು, ಲಟ್ಟಣಿಗೆಯ ಕಥೆಯನ್ನು ಮಾತ್ರ ಹುಡುಗನ ಮುಂದೆ ಇನ್ನೊಮ್ಮೆ ಹೇಳಿಸಿದರು. ಅಡಿಗೆಮನೆಗೆ ಹೊಸ ಲಟ್ಟಣಿಗೆ ತರುವ ಖರ್ಚು ನನ್ನ ಪಾಲಿಗೆ ಬಂತು.

ಮೊನ್ನೆ ಬಾಮೈದ ಹೊಸ ಎಲೆಕ್ಟ್ರಿಕ್ ಕಾರು ತಂದು ನಮ್ಮನ್ನು ಕೂರಿಸಿಕೊಂಡು ಹೊರಟ. ಎಂಜಿನ್ನೇ ಇಲ್ಲದ ನಿಶ್ಶಬ್ದ. ಇವು ತೀರಾ ಸದ್ದಿಲ್ಲದೆ ಬಂದು ಪಾದಚಾರಿಗಳ ಮೇಲೆ ಹಾಯಬಾರದೆಂದು ಯುರೋಪಿನಲ್ಲಿ 2019ರಿಂದ ಹೊಸ ಮಾದರಿಗಳಿಗೆ ನಿಧಾನವಾಗಿ ಹೋಗುವಾಗ ಕೃತಕ ಸದ್ದು ಹೊರಡಿಸುವುದನ್ನು ಕಡ್ಡಾಯ ಮಾಡಿದ್ದಾರೆ. ಒಳಗೆ ಕೂತವರ ಪಾಡೇ ಬೇರೆ. ಮರೆಮಾಚುವ ಎಂಜಿನ್ ಇಲ್ಲದ್ದರಿಂದ ಪ್ಲಾಸ್ಟಿಕ್ಕಿನ ಸಣ್ಣ ಪಿಸುಗುಟ್ಟುವಿಕೆಯೂ ಎದ್ದು ಕೇಳುತ್ತದೆ. ತುಂಗಾ ಸೇತುವೆ ದಾಟುತ್ತಲೂ ಬಾಮೈದನ ಮುಖ ಸಣ್ಣಗಾಯಿತು.

"ಭಾವ, ಇಲ್ಲೆಲ್ಲೋ ಕಿಚ್ ಕಿಚ್ ಅಂತಿದೆ, ಅಲ್ವಾ?"

"ಯಾವಾಗ್ಯಾವಾಗ ಅನ್ನುತ್ತೆ?" ಎಂದು ನಾನು ಮುಂದಕ್ಕೆ ಬಾಗಿದೆ.

ಹಿಂದಿನ ಸೀಟಿನಿಂದ ಹೆಂಡತಿ, "ರೀ, ಲಟ್ಟಣಿಗೆ ಮನೇಲಿದೆ. ಸುಮ್ನೆ ಕೂತ್ಕೊಳ್ಳಿ" ಎಂದಳು.